ಸ್ಲಾಟ್‌ನ ಪಾಲೆಷ್ಟು, ಶೋನ ಪಾಲೆಷ್ಟು: ಸಿಲ್ವರ್‌ಮನ್ ಮತ್ತು ಟಿಂಕರ್

ಟಿವಿ ಪ್ರೋಗ್ರಾಮಿಂಗ್ ಪಾಠ ಮೊದಲ ಸಲ ಓದಿದಾಗ ನನಗೆ ಒಂದು ಗೊಂದಲ ಇತ್ತು. ಶೋ ಚೆನ್ನಾಗಿದ್ದರೆ ಜನ ನೋಡುತ್ತಾರೆ, ಇಲ್ಲದಿದ್ದರೆ ಇಲ್ಲ. ಇದರಲ್ಲಿ ಯಾವ ಶೋ ಯಾವ ದಿನ, ಯಾವ ಹೊತ್ತಿಗೆ (ಅದೇ ಸ್ಲಾಟ್) ಎಂದು ಗೊತ್ತುಮಾಡುವ ಪ್ರೋಗ್ರಾಮಿಂಗ್ ಹೆಡ್‌ಗೆ ಏನು ಕೆಲಸ? ಅಮೆರಿಕದ ಇಬ್ಬರು ಟಿವಿ ಮುಖ್ಯಸ್ಥರನ್ನು ಅಕ್ಕಪಕ್ಕ ಇಟ್ಟು ಓದಿದ ಮೇಲೆ ಉತ್ತರ ಸಿಕ್ಕಿತು. ಒಬ್ಬರು ಫ್ರೆಡ್ ಸಿಲ್ವರ್‌ಮನ್, ಇನ್ನೊಬ್ಬರು ಗ್ರಾಂಟ್ ಟಿಂಕರ್.

ಅದಕ್ಕೂ ಮೊದಲು ಪಾಲ್ ಕ್ಲೈನ್ ಅವರ ಒಂದು ಮಾತು ತಿಳಿದಿರಬೇಕು. ಇವರು ಎನ್‌ಬಿಸಿ ಎಂಬ ಟಿವಿ ನೆಟ್‌ವರ್ಕ್‌ನಲ್ಲಿ ಪ್ರೇಕ್ಷಕರ ಲೆಕ್ಕ ನೋಡುತ್ತಿದ್ದವರು. ಜನ ಕಾರ್ಯಕ್ರಮ ನೋಡುವುದಿಲ್ಲ, ಟಿವಿ ನೋಡುತ್ತಾರೆ ಎನ್ನುವುದು ಅವರ ವಾದ. ಸಂಜೆಯಾದರೆ ಟಿವಿ ಹಾಕುವುದು ಅಭ್ಯಾಸ. ಹಾಕಿದ ಮೇಲೆ ಯಾವುದು ಕಡಿಮೆ ಕಿರಿಕಿರಿಯೋ ಅದರಲ್ಲಿ ನಿಲ್ಲುತ್ತಾರೆ. ಆಗ, 1970ರ ಸುಮಾರಿಗೆ, ಇದ್ದದ್ದು ಎಬಿಸಿ, ಸಿಬಿಎಸ್, ಎನ್‌ಬಿಸಿ ಎಂಬ ಮೂರು ದೊಡ್ಡ ನೆಟ್‌ವರ್ಕ್ ಮಾತ್ರ. ರಿಮೋಟ್ ಇನ್ನೂ ಎಲ್ಲರ ಮನೆಗೆ ಬಂದಿರಲಿಲ್ಲ. ಎದ್ದು ಹೋಗಿ ಚಾನೆಲ್ ತಿರುಗಿಸಬೇಕು, ಯಾರಿಗೆ ಬೇಕು ಅಲ್ವಾ? ಹಾಗಾಗಿ ಒಂದು ಶೋನ ರೇಟಿಂಗ್‌ನಲ್ಲಿ ಅದರ ಹಿಂದಿನ ಶೋಗೂ ಪಾಲು ಇರುತ್ತಿತ್ತು. ಇದಕ್ಕೇ ಲೀಡ್-ಇನ್ ಎನ್ನುವುದು.

ಸಿಲ್ವರ್‌ಮನ್ ಈ ಲೆಕ್ಕದಲ್ಲಿ ಪಳಗಿದವರು. ಕಾಲೇಜಿನಲ್ಲಿ ಸ್ನಾತಕೋತ್ತರ ಪ್ರಬಂಧ ಬರೆದದ್ದೇ ಎಬಿಸಿಯ ಹತ್ತು ವರ್ಷದ ಕಾರ್ಯಕ್ರಮ ಪಟ್ಟಿಯ ಮೇಲೆ. 1970ರಲ್ಲಿ, ಇನ್ನೂ 32ರ ವಯಸ್ಸಿನಲ್ಲಿ, ಸಿಬಿಎಸ್‌ನ ಪ್ರೋಗ್ರಾಮಿಂಗ್ ಮುಖ್ಯಸ್ಥರಾದರು. ಅವರ ಕೈಚಳಕಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ 'ಮ್ಯಾಶ್'. ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯ ಕಥೆ, 1972ರಲ್ಲಿ ಭಾನುವಾರ ಸಂಜೆ ಶುರುವಾಯಿತು. ಮೊದಲ ವರ್ಷ ಅಷ್ಟಕ್ಕಷ್ಟೆ. ತೆಗೆದುಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ 1973ರಲ್ಲಿ ಅದನ್ನು ಶನಿವಾರಕ್ಕೆ ತಂದು 'ಆಲ್ ಇನ್ ದ ಫ್ಯಾಮಿಲಿ' ಮತ್ತು 'ಮೇರಿ ಟೈಲರ್ ಮೂರ್ ಶೋ' ನಡುವೆ ಇಟ್ಟರು. ಎರಡೂ ಆಗ ಜನ ಮುಗಿಬಿದ್ದು ನೋಡುತ್ತಿದ್ದ ಶೋಗಳು. ಮೊದಲನೆಯದು ಮುಗಿದು ಮೂರನೆಯದಕ್ಕೆ ಕಾಯುವವರು ನಡುವಿನ ಅರ್ಧ ಗಂಟೆ ಎಲ್ಲಿಗೆ ಹೋಗುತ್ತಾರೆ? ಆ ವರ್ಷವೇ 'ಮ್ಯಾಶ್' ಮೊದಲ ಹತ್ತರೊಳಗೆ ಬಂತು. 1983ರಲ್ಲಿ ಅದರ ಕೊನೆಯ ಸಂಚಿಕೆ ನೋಡಿದವರು 10 ಕೋಟಿಗೂ ಜಾಸ್ತಿ.

ಈ ತಂತ್ರದ ಹೆಸರು ಹ್ಯಾಮಕ್. ಎರಡು ಗಟ್ಟಿ ಮರಕ್ಕೆ ಜೋಲಿ ಕಟ್ಟಿ ಮಗು ಮಲಗಿಸಿದ ಹಾಗೆ. ಆದರೆ ಜೋಲಿಯಿಂದ ಇಳಿದ ಮೇಲೆ ಮಗು ನಡೆಯಬೇಕಲ್ಲ! 'ಮ್ಯಾಶ್' ಆಮೇಲೆ ವಾರದ ಬೇರೆ ಬೇರೆ ದಿನಗಳಿಗೆ ಹೋಯಿತು, ಅಲ್ಲೂ ಗೆದ್ದಿತು.

ಸಿಲ್ವರ್‌ಮನ್ ಅವರ ಇನ್ನೊಂದು ಇಷ್ಟದ ದಾರಿ ಸ್ಪಿನ್-ಆಫ್. ಓಡುತ್ತಿರುವ ಶೋದ ಒಂದು ಪಾತ್ರವನ್ನು ಎತ್ತಿ ಹೊಸ ಶೋ ಮಾಡುವುದು. 'ಆಲ್ ಇನ್ ದ ಫ್ಯಾಮಿಲಿ'ಯಿಂದ 'ಮಾಡ್', 'ಮಾಡ್'ನಿಂದ 'ಗುಡ್ ಟೈಮ್ಸ್'. ಗೊತ್ತಿರುವ ಮುಖ, ಹಾಗಾಗಿ ಪರಿಚಯ ಮಾಡಿಕೊಡುವ ಖರ್ಚು ಇಲ್ಲ.

1975ರಲ್ಲಿ ಎಬಿಸಿಗೆ ಹೋದರು, ಅದೂ ಮೇಲೆ ಬಂತು. 1978ರಲ್ಲಿ ಎನ್‌ಬಿಸಿಗೆ ಬಂದರು, ಅಲ್ಲಿ ಮಾತ್ರ ಎಡವಿದರು. ವಿಪರೀತ ದುಡ್ಡು ಸುರಿದ 'ಸೂಪರ್‌ಟ್ರೇನ್' ಶೋ 1979ರಲ್ಲಿ ಕೆಲವೇ ತಿಂಗಳಲ್ಲಿ ಬಂದ್ ಆಯಿತು. ಎನ್‌ಬಿಸಿ ಹಕ್ಕು ಕೊಂಡಿದ್ದ 1980ರ ಮಾಸ್ಕೋ ಒಲಿಂಪಿಕ್ಸ್‌ಗೆ ಅಮೆರಿಕವೇ ಹೋಗಲಿಲ್ಲ. ಎರಡನೆಯದು ಅವರ ತಪ್ಪಲ್ಲ. ಆದರೆ ನನ್ನ ಲೆಕ್ಕದಲ್ಲಿ ನಿಜವಾದ ಕಾರಣ ಬೇರೆ: ಜೋಲಿ ಕಟ್ಟಲು ಎನ್‌ಬಿಸಿಯಲ್ಲಿ ಮರಗಳೇ ಇರಲಿಲ್ಲ.

1981ರಲ್ಲಿ ಅವರ ಜಾಗಕ್ಕೆ ಟಿಂಕರ್ ಬಂದರು. ಇವರು ಪ್ರೊಡ್ಯೂಸರ್ ಕಡೆಯಿಂದ ಬಂದವರು. ಆಗ ಹೆಂಡತಿಯಾಗಿದ್ದ ನಟಿ ಮೇರಿ ಟೈಲರ್ ಮೂರ್ ಜೊತೆ 1969ರಲ್ಲಿ ಎಂಟಿಎಂ ಕಂಪನಿ ಕಟ್ಟಿದ್ದರು. ಅವರ ನಂಬಿಕೆ ಸರಳ: ಒಳ್ಳೆಯ ಬರಹಗಾರರನ್ನು ಹುಡುಕು, ಆಮೇಲೆ ಅವರ ಕೆಲಸಕ್ಕೆ ಅಡ್ಡ ಹೋಗಬೇಡ.

ಇಲ್ಲಿ ದುಡ್ಡಿನ ವಿಷಯ ಸ್ವಲ್ಪ ನಿಧಾನವಾಗಿ ಓದಿ. 1970ರಲ್ಲಿ ಅಮೆರಿಕದ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಒಂದು ನಿಯಮ ತಂದಿತು. ಹೊರಗಿನವರು ಮಾಡಿದ ಶೋಗಳ ಮರುಪ್ರಸಾರದ ಲಾಭದಲ್ಲಿ ನೆಟ್‌ವರ್ಕ್ ಪಾಲು ಕೇಳುವಂತಿರಲಿಲ್ಲ. ನೆಟ್‌ವರ್ಕ್ ಕೊಡುತ್ತಿದ್ದ ಫೀ ಸಾಮಾನ್ಯವಾಗಿ ಖರ್ಚಿಗೆ ಸಾಲುತ್ತಿರಲಿಲ್ಲ. ಉಳಿದದ್ದು ಪ್ರೊಡ್ಯೂಸರ್ ಕೈಯಿಂದ. ಸುಮಾರು 100 ಸಂಚಿಕೆ ಸೇರಿದ ಮೇಲೆ ಊರೂರಿನ ಸ್ಟೇಷನ್‌ಗಳಿಗೆ ಮರುಪ್ರಸಾರ ಮಾರಿದರೆ ಅಸಲು, ಲಾಭ ಎರಡೂ ಬರುತ್ತಿತ್ತು. ವರ್ಷಕ್ಕೆ 22ರಿಂದ 24 ಸಂಚಿಕೆ ಎಂದರೆ ನಾಲ್ಕು ವರ್ಷಕ್ಕೂ ಜಾಸ್ತಿ ಓಡಬೇಕು. 13 ಸಂಚಿಕೆಗೇ ನಿಲ್ಲಿಸಿದರೆ ಪ್ರೊಡ್ಯೂಸರ್ ಮುಳುಗಿದ. ಇದನ್ನು ಅನುಭವಿಸಿ ಬಂದ ಟಿಂಕರ್‌ಗೆ ತಾಳ್ಮೆಯ ಬೆಲೆ ಗೊತ್ತಿತ್ತು. (ನಮ್ಮ ಕನ್ನಡ ಸೀರಿಯಲ್‌ಗಳಲ್ಲಿ ಸಾಮಾನ್ಯವಾಗಿ ಹಕ್ಕು ಚಾನೆಲ್‌ನದು, ಪ್ರೊಡ್ಯೂಸರ್‌ಗೆ ಸಂಚಿಕೆಗೆ ಇಷ್ಟು ಎಂದು ದುಡ್ಡು. ಆ ಲೆಕ್ಕವನ್ನು ಇಲ್ಲಿಗೆ ಹಾಕಬೇಡಿ.)

1982ರಲ್ಲಿ ಶುರುವಾದ 'ಚಿಯರ್ಸ್' ಮೊದಲ ವರ್ಷ ರೇಟಿಂಗ್ ಪಟ್ಟಿಯ ತಳದಲ್ಲಿ ಒದ್ದಾಡಿತು. ಟಿಂಕರ್, ಮತ್ತು ಸಿಲ್ವರ್‌ಮನ್ ನೇಮಿಸಿ ಹೋಗಿದ್ದ ಪ್ರೋಗ್ರಾಮಿಂಗ್ ಮುಖ್ಯಸ್ಥ ಬ್ರಾಂಡನ್ ಟಾರ್ಟಿಕಾಫ್, ಇಬ್ಬರೂ ಅದನ್ನು ಕೈಬಿಡಲಿಲ್ಲ. 1984ರಲ್ಲಿ 'ಚಿಯರ್ಸ್' ಬರುತ್ತಿದ್ದ ಗುರುವಾರವೇ ರಾತ್ರಿ 8ಕ್ಕೆ 'ಕಾಸ್ಬಿ ಶೋ' ಬಂತು. ಅದಕ್ಕೆ ಬಂದ ಜನ ಎದ್ದು ಹೋಗಲಿಲ್ಲ, 9ರ 'ಚಿಯರ್ಸ್' ಕೂಡ ಮೇಲೆದ್ದಿತು. 1985-86ರಲ್ಲಿ ಎನ್‌ಬಿಸಿ ಮೊದಲ ಸ್ಥಾನಕ್ಕೆ ಏರಿತು. ಅಂದರೆ ಟಿಂಕರ್ ಗೆದ್ದದ್ದೂ ಲೀಡ್-ಇನ್ ಬಲದಿಂದಲೇ. ವ್ಯತ್ಯಾಸ ಇಷ್ಟೇ, ಮರ ಬೆಳೆಯುವ ತನಕ ಅವರು ಕಾದರು.

ಪರೀಕ್ಷೆಗೆ ಒಂದು ಎಚ್ಚರಿಕೆ. 'ಹಿಲ್ ಸ್ಟ್ರೀಟ್ ಬ್ಲೂಸ್' ಎಂಬ ಎನ್‌ಬಿಸಿ ಶೋವನ್ನು ಟಿಂಕರ್ ಖಾತೆಗೆ ಬರೆಯುವವರು ಜಾಸ್ತಿ. ಅದನ್ನು ಮಾಡಿದ್ದು ಎಂಟಿಎಂ, ನಿಜ. ಆದರೆ 1981ರ ಜನವರಿಯಲ್ಲಿ ಅದು ಪ್ರಸಾರವಾದಾಗ ಎನ್‌ಬಿಸಿ ಕುರ್ಚಿಯಲ್ಲಿ ಕೂತಿದ್ದವರು ಸಿಲ್ವರ್‌ಮನ್.