ಬಂದ್ ಮಾಡಿದರೆ ಬಂದ್ ಆಗದ ಕಂಪ್ಯೂಟರ್

ನನ್ನ ಸೋದರಮಾವ ಮುಲುಂಡಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಹೋಟೆಲ್ ನಡೆಸಿ, ಈಗ ಗಲ್ಲಾವನ್ನು ಮಗನಿಗೆ ಬಿಟ್ಟುಕೊಟ್ಟವರು. ಮನೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಇದೆ. ಹಗಲು ಅದರಲ್ಲಿ ಹೋಟೆಲಿನ ಲೆಕ್ಕ, ರಾತ್ರಿ ಕ್ಯಾಸೆಟ್‌ಗಳಿಂದ ಇಳಿಸಿಟ್ಟುಕೊಂಡ ತಾಳಮದ್ದಳೆ. ಹೋದ ಮಳೆಗಾಲದಲ್ಲಿ ಒಂದು ದಿನ ಫೋನ್ ಬಂತು.

“ಎಂತ ಮಾರಾಯ ಇದು? ರಾತ್ರಿ ಬಂದ್ ಮಾಡಿ ಮಲಗಿದ್ರೆ ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಕೂತಿರ್ತದೆ!”

ಸ್ಟೇಷನ್ ಹತ್ತಿರದ ರಿಪೇರಿ ಹುಡುಗ ಆಗಲೇ ಒಮ್ಮೆ ಬಂದು ರ್ಯಾಮ್ ಎಂಬ ಮೆಮೊರಿ ಕಡ್ಡಿ ತೆಗೆದು, ಪೆನ್ಸಿಲ್ ರಬ್ಬರಿನಿಂದ ಅದರ ಹಲ್ಲುಗಳನ್ನು ಉಜ್ಜಿ ಹೋಗಿದ್ದ. ಮುಂಬಯಿಯ ಮಳೆಗಾಲದ ತೇವಕ್ಕೆ ಲೋಹ ಮಂಕಾಗಿದ್ದರೆ ಆ ಮದ್ದು ನಾಟುವುದುಂಟು. ಈ ಸಲ ನಾಟಲಿಲ್ಲ. ಎರಡನೇ ಸಲ ಬಂದವನು “ಫಾರ್ಮ್ಯಾಟ್ ಮಾರ್‌ನಾ ಪಡೇಗಾ ಅಂಕಲ್” ಅಂದನಂತೆ. ತಾಳಮದ್ದಳೆ ಹೋದೀತು ಎಂಬ ಹೆದರಿಕೆಗೆ ಮಾವ ಅವನಿಗೆ ಚಾ ಕುಡಿಸಿ ಕಳಿಸಿ, ನನಗೆ ಫೋನ್ ಮಾಡಿದ್ದರು.

ಭಾನುವಾರ, ಹಳಿ ರಿಪೇರಿಗೆಂದು ಲೋಕಲ್ ರೈಲು ಕಡಿಮೆ ಮಾಡುವ ಮೆಗಾಬ್ಲಾಕ್. ಡೊಂಬಿವಲಿಯಿಂದ ಮುಲುಂಡಿನವರೆಗೆ ಬಾಗಿಲ ಬಳಿ ನಿಂತೇ ಬಂದೆ. ಹೋದ ಕೂಡಲೇ ಕಂಪ್ಯೂಟರ್ ಮುಟ್ಟಲಿಲ್ಲ, ಮೊದಲು ಮಾವನನ್ನೇ ಕೇಳಿದೆ. “ಬಂದ್ ಮಾಡಿದ ಮೇಲೆ ಏನೇನು ಕಾಣ್ತದೆ, ಹೇಳಿ ಮಾವ.”

“ಶಟಿಂಗ್ ಡೌನ್ ಅಂತ ಬರ್ತದೆ. ಚುಕ್ಕಿಗಳು ತಿರುಗುತ್ತಾ ಇರ್ತವೆ. ನಾನು ಊಟ ಮುಗಿಸಿ ಕೈ ತೊಳೆದು ಬಂದ್ರೂ ತಿರುಗುದು ನಿಲ್ಲುದಿಲ್ಲ. ಮತ್ತೆ ನಾನು ಮಲಗ್ತೇನೆ.”

“ಅದಕ್ಕೂ ನಿಮ್ಮದೇ ಬುದ್ಧಿ,” ಒಳಗಿನಿಂದ ಅತ್ತೆ ಹೇಳಿದರು. “ಹೋಟೆಲ್ ಬಂದ್ ಆದ್ರೂ ಇವ್ರು ಮನೆಗೆ ಬರ್ತಿರಲಿಲ್ಲ.”

ಅತ್ತೆ ತಮಾಷೆಗೆ ಹೇಳಿದರೂ ಹೋಲಿಕೆ ಸರಿಯಾಗಿಯೇ ಇತ್ತು. ರಾತ್ರಿ ಹೋಟೆಲ್ ಮುಚ್ಚುವುದೆಂದರೆ ಶಟರ್ ಎಳೆಯುವುದಷ್ಟೇ ಅಲ್ಲ. ಮೊದಲು ಗಿರಾಕಿಗಳು ಏಳಬೇಕು. ಯಾರಾದರೂ ಅರ್ಧ ದೋಸೆ ತಿನ್ನುತ್ತಿದ್ದರೆ ಸ್ವಲ್ಪ ಕಾಯಬೇಕು. ಆಮೇಲೆ ಕಿಚನ್ ನಿಲ್ಲಬೇಕು, ಗ್ಯಾಸ್ ಆರಬೇಕು, ಗಲ್ಲಾ ಎಣಿಸಿ ಚೀಟಿ ಬರೆಯಬೇಕು. ಗ್ರೈಂಡರ್ ನಿಲ್ಲಿಸಿದ ಮೇಲೆಯೇ ಮೇನ್ ಸ್ವಿಚ್. ಶಟರ್ ಎಲ್ಲಕ್ಕಿಂತ ಕಡೆಗೆ. ಹಗಲಿಡೀ ಒಬ್ಬರ ಗೊಡವೆ ಇನ್ನೊಬ್ಬರಿಗೆ ಇಲ್ಲದೆ ಕೆಲಸ ಮಾಡಿದವರೆಲ್ಲ ಆ ಅರ್ಧ ಗಂಟೆಯಲ್ಲಿ ಒಬ್ಬರಿಗೊಬ್ಬರು ಕಾಯಬೇಕಾಗುತ್ತದೆ. ಒಬ್ಬ ಹಟ ಹಿಡಿದು ಕೂತರೆ ಶಟರ್ ಇಳಿಯುವುದಿಲ್ಲ.

ವಿಂಡೋಸ್ ಮಾಡುವುದೂ ಇದನ್ನೇ. ತೆರೆದಿರುವ ಒಂದೊಂದು ಪ್ರೋಗ್ರಾಮಿಗೂ “ಮುಗಿಸಬಹುದಾ?” ಎಂಬ ಸಂದೇಶ ಹೋಗುತ್ತದೆ. ಸುಮಾರು 5 ಸೆಕೆಂಡಿನೊಳಗೆ ಉತ್ತರ ಬಾರದಿದ್ದರೆ, ಇಂಥ ಪ್ರೋಗ್ರಾಮು ತಡೆಯುತ್ತಿದೆ ಎಂಬ ದೂರು ಪರದೆಯ ಮೇಲೆ ಬರುತ್ತದೆ. ಬಳಿಕ ಹಿನ್ನೆಲೆಯಲ್ಲಿ ದುಡಿಯುವ ಸರ್ವಿಸ್‌ಗಳ ಸರದಿ. ಈಗಿನ ವಿಂಡೋಸಿನಲ್ಲಿ ಅವುಗಳಿಗೂ ಸಿಗುವ ಗಡುವು 5 ಸೆಕೆಂಡೇ. ವಿಂಡೋಸಿನ ಒಳ ಸೆಟಿಂಗ್‌ಗಳನ್ನು ಬರೆದಿಟ್ಟಿರುವ ರಿಜಿಸ್ಟ್ರಿಗೆ ಹೋಗಿ ಈ ಗಡುವನ್ನು ಇನ್ನೂ ಕಡಿಮೆ ಮಾಡಿ, ಕಂಪ್ಯೂಟರ್ ಬೇಗ ಬಂದ್ ಆಗುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ನಾನಂತೂ ಮಾಡುವುದಿಲ್ಲ. ಗಲ್ಲಾ ಎಣಿಸುವವನ ಕೈಯಿಂದ ಚೀಟಿ ಕಿತ್ತುಕೊಂಡರೆ ಮುಚ್ಚುವುದು ಬೇಗ ಆದೀತು, ನಾಳೆಯ ಲೆಕ್ಕ ತಪ್ಪುತ್ತದೆ.

ಕೊನೆಯದು ಯಂತ್ರಭಾಗಗಳ ಸರದಿ. ಅದೇ ಹೆಚ್ಚು ಸೂಕ್ಷ್ಮ. ಪ್ರತಿ ಸಾಧನಕ್ಕೂ ಡ್ರೈವರ್ ಎಂಬ ಒಂದು ಪುಟ್ಟ ತಂತ್ರಾಂಶವಿದೆ. ವಿಂಡೋಸ್ ಅದಕ್ಕೆ “ನಿನ್ನ ಸಾಧನದ ವಿದ್ಯುತ್ ಇಳಿಸು” ಎಂಬ ಕೋರಿಕೆ ಕಳಿಸುತ್ತದೆ. ಡ್ರೈವರ್ ಅದನ್ನು ಪೂರೈಸಿ ಮರಳಿ ತಿಳಿಸಬೇಕು. ಇಲ್ಲೂ ಮೇನ್ ಸ್ವಿಚ್ಚಿನ ನಿಯಮವೇ: ಪೆನ್‌ಡ್ರೈವ್ ಮಲಗಿದ ಮೇಲೆ ಅದು ಸಿಕ್ಕಿಕೊಂಡಿರುವ ಯುಎಸ್‌ಬಿ ಹಬ್, ಹಬ್ ಮಲಗಿದ ಮೇಲೆ ಅದರ ಕಂಟ್ರೋಲರ್. ತುದಿಯ ಒಂದು ಡ್ರೈವರ್ ಉತ್ತರ ಕೊಡದಿದ್ದರೆ ಅದರ ಮೇಲಿನ ಸಾಲೆಲ್ಲ ನಿಂತುಬಿಡುತ್ತದೆ. ಪ್ರೋಗ್ರಾಮನ್ನಾದರೆ ವಿಂಡೋಸ್ ಕತ್ತು ಹಿಡಿದು ಹೊರಗೆ ಹಾಕಬಹುದು. ಡ್ರೈವರ್ ಕೂತಿರುವುದು ಕರ್ನಲ್ ಎಂಬ ಗರ್ಭಗುಡಿಯಲ್ಲಿ, ಅದನ್ನು ಹಾಗೆ ಎತ್ತಿ ಹಾಕುವಂತಿಲ್ಲ. ಕಾದು ಕಾದು ಕೊನೆಗೆ ವಿಂಡೋಸ್ ತಾನೇ ಕೈಚೆಲ್ಲಿ ನೀಲಿ ಪರದೆ ತೋರಿಸುತ್ತದೆ. ಈಚೆಗೆ ವಿಂಡೋಸ್ 11ರಲ್ಲಿ ಆ ನೀಲಿಯನ್ನು ಕಪ್ಪು ಮಾಡಿದ್ದಾರೆ, ಸಂಕಟ ಅದೇ. ನೀಲಿ ಪರದೆ ಬಂದ ಮೇಲೆ ಕಂಪ್ಯೂಟರ್ ತಾನಾಗಿ ಮತ್ತೆ ಶುರುವಾಗಬೇಕು ಎಂಬುದು ಮೊದಲಿನಿಂದಲೇ ಇರುವ ಸೆಟಿಂಗ್. ಹಾಗಾಗಿ ಮಾವ ಗೊರಕೆ ಹೊಡೆಯುತ್ತಿದ್ದಾಗ ಕಂಪ್ಯೂಟರ್ ನೀಲಿಗಟ್ಟಿ, ಬಿದ್ದು, ಎದ್ದು, ಪಾಸ್‌ವರ್ಡ್ ಕೇಳುತ್ತಾ ಬೆಳಗಿನವರೆಗೂ ಕಾದಿರುತ್ತಿತ್ತು.

ಇದು ನನ್ನ ಊಹೆ. ಸಾಕ್ಷಿ ಬೇಕಿತ್ತು.

ವಿಂಡೋಸ್ ಒಂದು ದಿನಚರಿ ಬರೆಯುತ್ತದೆ, ಇವೆಂಟ್ ವ್ಯೂವರ್ ಅಂತ. ಸ್ಟಾರ್ಟ್ ಗುಂಡಿಯ ಮೇಲೆ ಬಲಕ್ಲಿಕ್ ಮಾಡಿದರೆ ಹೆಸರು ಸಿಗುತ್ತದೆ. ಒಳಗೆ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ತೆರೆದರೆ ನೂರಾರು ಸಾಲು, ನಡುನಡುವೆ ಕೆಂಪು ಗುರುತು. ಮೊದಲ ಸಲ ನೋಡುವವರಿಗೆ ಎದೆ ಧಸಕ್ಕೆನ್ನಬೇಕು. ಚೆನ್ನಾಗಿರುವ ಕಂಪ್ಯೂಟರಿನಲ್ಲೂ ಕೆಂಪು ಗುರುತುಗಳು ಇದ್ದೇ ಇರುತ್ತವೆ, ಅವನ್ನೆಲ್ಲ ಬೆನ್ನಟ್ಟಬಾರದು. ನನಗೆ ಬೇಕಿದ್ದದ್ದು ಮೂರು ಸಂಖ್ಯೆ. ಶನಿವಾರ ರಾತ್ರಿ ಹತ್ತೂವರೆಯ ಹೊತ್ತಿಗೆ 1074: ಬಳಕೆದಾರ ಬಂದ್ ಮಾಡಲು ಹೇಳಿದ್ದಾನೆ. ಹತ್ತು ಚಿಲ್ಲರೆ ನಿಮಿಷದ ನಂತರ 41 ಮತ್ತು 6008. ಎರಡರ ತಾತ್ಪರ್ಯವೂ ಒಂದೇ, ಹಿಂದಿನ ಸಲ ಸರಿಯಾಗಿ ಬಂದ್ ಆಗಲಿಲ್ಲ.

ಈ 41ನ್ನು ಕಂಡು ಅದೇ ರೋಗ ಎಂದು ತಿಳಿದು ಪವರ್ ಸಪ್ಲೈ ಬದಲಿಸಿದವರನ್ನು ನಾನು ನೋಡಿದ್ದೇನೆ. ಅದರ ಹೆಸರಿನಲ್ಲೇ ಕರ್ನಲ್-ಪವರ್ ಅಂತ ಇರುವುದರಿಂದ ಆಗುವ ತಪ್ಪು. ಅದು ಬರೀ ಬೆಳಗಿನ ಪಂಚನಾಮೆ, ಹೆಣ ಸಿಕ್ಕಿತು ಎನ್ನುತ್ತದೆ ಅಷ್ಟೇ. ಆದರೆ ಅದರ ಡೀಟೇಲ್ಸ್ ತೆರೆದರೆ ಬಗ್‌ಚೆಕ್‌ಕೋಡ್ ಎಂಬ ಒಂದು ಸಾಲಿದೆ. ಅಲ್ಲಿ ಸೊನ್ನೆ ಇದ್ದರೆ ನೀಲಿ ಪರದೆಯ ದಾಖಲೆಯೇ ಇಲ್ಲವೆಂದು ಅರ್ಥ: ಕರೆಂಟು ಹೋಗಿರಬಹುದು, ಪವರ್ ಸಪ್ಲೈ ಸೋತಿರಬಹುದು, ಇಲ್ಲವೇ ಯಂತ್ರ ಕಲ್ಲಿನಂತೆ ನಿಂತಿರಬಹುದು. ಮಾವನ ಕಂಪ್ಯೂಟರಿನಲ್ಲಿ ಸೊನ್ನೆ ಇರಲಿಲ್ಲ, 159 ಇತ್ತು. ಇದು ನಮ್ಮ ಹತ್ತರ ಲೆಕ್ಕದ ಸಂಖ್ಯೆ. ಎಂಜಿನಿಯರುಗಳ ಹದಿನಾರರ ಲೆಕ್ಕಕ್ಕೆ ತಿರುಗಿಸಿದರೆ ಒಂಬತ್ತು ಹದಿನಾರಲೆ 144, ಉಳಿದದ್ದು 15, ಅದನ್ನು ಎಫ್ ಎಂದು ಬರೆಯುತ್ತಾರೆ. 9ಎಫ್. ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್. ವಿದ್ಯುತ್ ಇಳಿಸುವ ಹೊತ್ತಿಗೆ ಯಾವುದೋ ಡ್ರೈವರ್ ದಾರಿ ತಪ್ಪಿದೆ. ಊಹೆ ನಿಂತಿತು. ಆದರೆ ಯಾವ ಡ್ರೈವರ್?

“ಹೊಸದಾಗಿ ಏನಾದ್ರೂ ಹಾಕಿದ್ದೀರಾ ಮಾವ?”

“ಇಲ್ಲಪ್ಪ, ಎಂತದೂ ಇಲ್ಲ.”

ಈ ಪ್ರಶ್ನೆಗೆ ಎಲ್ಲ ಮನೆಯಲ್ಲೂ ಇದೇ ಉತ್ತರ. ಬಿಟ್ಟು ಮುಂದೆ ಹೋದೆ.

ಹೆಸರಿಗಾಗಿ ಹುಡುಕುವ ಮೊದಲು ಒಂದು ಸುಲಭದ ಪರೀಕ್ಷೆಯಿದೆ, ಒಂದು ಪೈಸೆ ಖರ್ಚಿಲ್ಲ: ಬಂದ್ ಮಾಡುವ ಬದಲು ರೀಸ್ಟಾರ್ಟ್ ಒತ್ತುವುದು. ಒತ್ತಿದೆ. ಎರಡು ನಿಮಿಷದೊಳಗೆ ಸಲೀಸಾಗಿ ಇಳಿದು ಮತ್ತೆ ಹತ್ತಿತು. ಆಮೇಲೆ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಒತ್ತಿದೆ. ಮರ್ಯಾದೆಯಿಂದ ಬಂದ್ ಆಯಿತು. ಮತ್ತೆ ಹಾಕಿ, ಶಿಫ್ಟ್ ಇಲ್ಲದೆ ಬರೀ ಶಟ್‌ಡೌನ್ ಒತ್ತಿದೆ. ಚುಕ್ಕಿಗಳು ತಿರುಗತೊಡಗಿದವು. ಅತ್ತೆಯ ನೀರ್‌ದೋಸೆ ತಿಂದು ಬರುವಷ್ಟರಲ್ಲಿ ನೀಲಿ.

ಮಾವನಿಗೆ ಇದು ಮಾಟದಂತೆ ಕಂಡಿತು. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿಯೊಂದು ಇದರ ಹಿಂದಿದೆ: ಈಗ ನಾವು ಬಂದ್ ಎನ್ನುವುದು ಪೂರ್ತಿ ಬಂದ್ ಅಲ್ಲ. 2012ರಲ್ಲಿ ವಿಂಡೋಸ್ 8ರ ಜೊತೆ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಬಂತು. ಹೋಟೆಲಿನ ಮಾತಿನಲ್ಲಿ ಹೇಳಿದರೆ, ಬೆಳಿಗ್ಗೆ ಇಡ್ಲಿ ಬೇಗ ಇಳಿಯಲಿ ಎಂದು ರಾತ್ರಿಯೇ ಹಿಟ್ಟು ರುಬ್ಬಿಡುವುದು. ನಿಮ್ಮ ಪ್ರೋಗ್ರಾಮುಗಳೆಲ್ಲ ಮುಚ್ಚುತ್ತವೆ, ನೀವು ಲಾಗ್ಔಟ್ ಆಗುತ್ತೀರಿ, ಅಲ್ಲಿಯವರೆಗೆ ಮಾಮೂಲು. ಆದರೆ ಕರ್ನಲ್ ಮತ್ತು ಡ್ರೈವರುಗಳು ಮೆಮೊರಿಯಲ್ಲಿ ಯಾವ ಸ್ಥಿತಿಯಲ್ಲಿದ್ದವೋ ಅದನ್ನು ಅಳಿಸುವುದಿಲ್ಲ. ಹಾಗೆಯೇ ಎತ್ತಿ ಡಿಸ್ಕಿನ ಒಂದು ದೊಡ್ಡ ಫೈಲಿಗೆ ಬರೆದಿಡುತ್ತಾರೆ. ಬೆಳಿಗ್ಗೆ ಹೊಸದಾಗಿ ಕಟ್ಟುವ ಬದಲು ಆ ಫೈಲನ್ನು ಓದಿಕೊಂಡರೆ ಆಯಿತು. ರೀಸ್ಟಾರ್ಟ್‌ನಲ್ಲಿ ಮಾತ್ರ ಹಿಟ್ಟು ಚೆಲ್ಲಿ, ಪಾತ್ರೆ ತೊಳೆದು, ಹೊಸದಾಗಿ ಅಕ್ಕಿ ಉದ್ದು ನೆನೆಹಾಕುತ್ತಾರೆ. ಶಿಫ್ಟ್ ಹಿಡಿದು ಬಂದ್ ಮಾಡಿದರೂ ಅಷ್ಟೇ.

ನಂಬದಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಒತ್ತಿ, ಸಿಪಿಯು ಪುಟದಲ್ಲಿ ಅಪ್ ಟೈಮ್ ನೋಡಿ. ನನ್ನ ಲ್ಯಾಪ್‌ಟಾಪನ್ನು ನಾನು ದಿನಾ ರಾತ್ರಿ ಬಂದ್ ಮಾಡುತ್ತಿದ್ದೆ. ಅದು ಹನ್ನೊಂದು ದಿನದಿಂದ ಎಚ್ಚರವಾಗಿದ್ದೇನೆ ಎಂದು ಬರೆದುಕೊಂಡಿತ್ತು! ಹಿಟ್ಟು ಹುಳಿ ಬಂದರೆ ಮರುದಿನದ ಇಡ್ಲಿಯೂ ಹುಳಿ. “ಆಫ್ ಮಾಡಿ ಆನ್ ಮಾಡಿದರೂ ಸರಿಹೋಗಲಿಲ್ಲ, ರೀಸ್ಟಾರ್ಟ್ ಮಾಡಿದರೆ ಹೋಯಿತು” ಎಂಬ ವಿಚಿತ್ರದ ಗುಟ್ಟೂ ಇದೇ.

ಮಾವನ ಕಂಪ್ಯೂಟರಿನ ವಿಷಯದಲ್ಲಿ ಇದರಿಂದ ಹುಡುಕುವ ಜಾಗ ಬಹಳ ಕಿರಿದಾಯಿತು. ಪೂರ್ತಿ ಮುಚ್ಚಲು ಹೇಳಿದರೆ ಎಲ್ಲ ಡ್ರೈವರುಗಳೂ ಒಪ್ಪುತ್ತವೆ. ಸ್ಥಿತಿ ಉಳಿಸಿಕೊಂಡು ಮಲಗು ಎಂದರೆ ಮಾತ್ರ ಒಂದು ಒಪ್ಪುವುದಿಲ್ಲ. ಇನ್ನು ವಿಂಡೋಸ್ ಬಿದ್ದಾಗ ಸುಮ್ಮನೆ ಬೀಳುವುದಿಲ್ಲ, ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ ಮಿನಿಡಂಪ್ ಎಂಬ ಫೋಲ್ಡರಿನಲ್ಲಿ ಒಂದು ಚಿಕ್ಕ ಫೈಲ್ ಬಿಟ್ಟು ಬೀಳುತ್ತದೆ. ಮೈಕ್ರೋಸಾಫ್ಟ್‌ನ ವಿನ್‌ಡಿಬಿಜಿ ಎಂಬ ಉಚಿತ ಸಾಧನದಿಂದ ಅದನ್ನು ಓದಬಹುದು. ಓದಿದಾಗ ಸಿಕ್ಕ ಹೆಸರು ಒಂದು ವೈಫೈ ಡ್ರೈವರಿನದು. ಡೆಸ್ಕ್‌ಟಾಪಿಗೆ ಎಲ್ಲಿಯ ವೈಫೈ ಎಂದು ಬಗ್ಗಿ ಕ್ಯಾಬಿನೆಟ್ಟಿನ ಬೆನ್ನು ನೋಡಿದರೆ, ಧೂಳಿನ ನಡುವೆ ಉಗುರಿನಷ್ಟು ದೊಡ್ಡ ಯುಎಸ್‌ಬಿ ಡಾಂಗಲ್.

“ಇದು?”

“ಅದು ಹೊಸತಾ? ಅದು ಮಳೆ ಶುರುವಾಗುವ ಮೊದಲೇ ತಂದದ್ದಲ್ವಾ! ರೂಟರ್ ಹಾಲಿಗೆ ಹಾಕಿದ್ರು, ವೈರ್ ಸಾಲಲಿಲ್ಲ.”

ಕಾಯಿಲೆಗೂ ಹೆಚ್ಚುಕಮ್ಮಿ ಅಷ್ಟೇ ವಯಸ್ಸು. ಡಾಂಗಲ್ ಕಿತ್ತೆ, ಬರೀ ಶಟ್‌ಡೌನ್ ಒತ್ತಿದೆ. ಹನ್ನೆರಡು ಸೆಕೆಂಡಿಗೆ ಫ್ಯಾನ್ ಸದ್ದು ನಿಂತಿತು. ಅಲ್ಲಿಗೇ ಬಿಟ್ಟರೆ ಕಾಕತಾಳೀಯ ಇದ್ದೀತು ಎಂದು ಮತ್ತೆ ಸಿಕ್ಕಿಸಿ ನೋಡಿದೆ: ಮತ್ತೆ ಚುಕ್ಕಿ, ಮತ್ತೆ ನೀಲಿ. ಕಿತ್ತರೆ ಸರಿ, ಹಾಕಿದರೆ ತಪ್ಪು ಎಂದು ಎರಡೂ ಕಡೆಯಿಂದ ಕಂಡಾಗಲೇ ನನಗೆ ಸಮಾಧಾನ.

ಎಲ್ಲರಿಗೂ ಹೀಗೆ ಹೆಸರು ಸಿಗುವುದಿಲ್ಲ. ಡಂಪ್ ಫೈಲಿನಲ್ಲಿ ಒಮ್ಮೊಮ್ಮೆ ಕಾಣುವುದು ಕೊಂದವನಲ್ಲ, ಪಕ್ಕದಲ್ಲಿ ನಿಂತಿದ್ದವನು. ಆಗ ಅರ್ಧಿಸುತ್ತಾ ಹೋಗಬೇಕು. ಯಾವ ಸರ್ವಿಸ್ ಓಡಬೇಕೆಂದು ಆರಿಸಲು ವಿಂಡೋಸಿನೊಳಗೇ ಇರುವ ಎಂಎಸ್‌ಕಾನ್ಫಿಗ್ ತೆರೆದು, ಮೈಕ್ರೋಸಾಫ್ಟಿನ ಸರ್ವಿಸ್‌ಗಳನ್ನು ಮರೆಮಾಡಿ, ಉಳಿದವುಗಳಲ್ಲಿ ಅರ್ಧ ನಿಲ್ಲಿಸಿ ನೋಡುವುದು. ಸರಿಹೋದರೆ ಕಳ್ಳ ಆ ಅರ್ಧದಲ್ಲಿದ್ದಾನೆ, ಇಲ್ಲದಿದ್ದರೆ ಈ ಅರ್ಧದಲ್ಲಿ. 32 ಇದ್ದರೆ 16, 8, 4, 2, 1: ಐದೇ ಸಲ. ಒಂದೊಂದನ್ನೇ ನಿಲ್ಲಿಸಿ ನೋಡುವವನಿಗೆ ಮೂವತ್ತು ಸಲವೂ ಬೇಕಾದೀತು. ನೀಲಿ ಪರದೆಯ ಕೋಡ್ ಒಂದೊಂದು ದಿನ ಒಂದೊಂದು ಬರುತ್ತಿದ್ದರೆ ಡ್ರೈವರ್ ಬಿಟ್ಟು ರ್ಯಾಮ್ ನೋಡಿ; ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಒಳಗೇ ಇದೆ, ರಬ್ಬರಿಗಿಂತ ಮೊದಲು ಅದನ್ನು ಓಡಿಸುವುದು ಒಳ್ಳೆಯದು.

ಹೊಸ ಡ್ರೈವರ್ ಹುಡುಕಿದೆ, ತಯಾರಕರು ಅದನ್ನು ಮುಟ್ಟಿ ಎಷ್ಟೋ ವರ್ಷವಾಗಿತ್ತು. ಫಾಸ್ಟ್ ಸ್ಟಾರ್ಟಪ್ಪನ್ನೇ ತೆಗೆದುಬಿಡುವುದು ಇನ್ನೊಂದು ದಾರಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಗುಂಡಿ ಏನು ಮಾಡಬೇಕು ಎಂದು ಕೇಳುವ ಪುಟದಲ್ಲಿ ಅದರ ಗುರುತು ತೆಗೆದರಾಯಿತು. ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಇರುವವರಿಗೆ ಇದರಿಂದ ಬೆಳಿಗ್ಗೆ ಹೋಗುವುದು ಕೆಲವೇ ಸೆಕೆಂಡು. ಆದರೆ ಹಾಗೆ ಮಾಡಿದರೆ ಡ್ರೈವರಿನ ತಪ್ಪು ಹೋಗುವುದಿಲ್ಲ, ಅದು ಎಡವುವ ಮೆಟ್ಟಿಲು ತಪ್ಪುತ್ತದೆ ಅಷ್ಟೇ. ಮಾವ ಎರಡನ್ನೂ ಒಪ್ಪಲಿಲ್ಲ. ಸ್ಟೇಷನ್ ರಸ್ತೆಗೆ ಹೋಗಿ ಹದಿನೈದು ಮೀಟರ್ ವೈರ್ ತಂದು ಗೋಡೆಯುದ್ದಕ್ಕೂ ಎಳೆದರು.

ಅಷ್ಟು ದಿನ ಅವರು ಮಾಡುತ್ತಿದ್ದ ಇನ್ನೊಂದು ಮದ್ದು ಆಮೇಲೆ ಗೊತ್ತಾಯಿತು. ಚುಕ್ಕಿ ತಿರುಗುವುದು ನೋಡಿ ಬೇಸರ ಬಂದ ರಾತ್ರಿ ಪವರ್ ಗುಂಡಿಯನ್ನೇ ಒತ್ತಿ ಹಿಡಿಯುತ್ತಿದ್ದರಂತೆ. 4 ಸೆಕೆಂಡು ಹಿಡಿದರೆ ಯಾರ ಮಾತೂ ಕೇಳದೆ ಕರೆಂಟು ಕಡಿಯುತ್ತದೆ. ಬೇರೆ ದಾರಿ ಇಲ್ಲದಾಗ ಮಾಡಬೇಕಾದದ್ದೇ. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಎನ್‌ಟಿಎಫ್‌ಎಸ್ ವ್ಯವಸ್ಥೆ ತನ್ನ ಬದಲಾವಣೆಗಳನ್ನು ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳುವುದರಿಂದ ಡಿಸ್ಕಿನ ಅಸ್ಥಿಪಂಜರ ಉಳಿಯುತ್ತದೆ. ಮೆಮೊರಿಯಿಂದ ಡಿಸ್ಕಿಗೆ ಇಳಿಯದ ಆ ದಿನದ ಲೆಕ್ಕಕ್ಕೆ ಮಾತ್ರ ಅದು ಜವಾಬ್ದಾರಿಯಲ್ಲ.

ಈ ಗುಂಡಿಗೂ ಒಂದು ಕಥೆಯಿದೆ. ತೊಂಬತ್ತರ ದಶಕದ ಕಂಪ್ಯೂಟರುಗಳಲ್ಲಿ ಖಟ್ಟೆನ್ನುವ ನಿಜವಾದ ಸ್ವಿಚ್ ಇತ್ತು. ವಿಂಡೋಸ್ 95 ತನ್ನ ಕೆಲಸ ಮುಗಿಸಿ, “ಈಗ ಕಂಪ್ಯೂಟರ್ ಆರಿಸಬಹುದು” ಎಂದು ಕಪ್ಪು ಪರದೆಯ ಮೇಲೆ ಕಿತ್ತಳೆ ಅಕ್ಷರದಲ್ಲಿ ಬರೆದು ಸುಮ್ಮನಾಗುತ್ತಿತ್ತು. ಖಟ್ಟೆನ್ನಿಸುವುದು ನಮ್ಮ ಕೆಲಸ. 1995ರಲ್ಲಿ ಇಂಟೆಲ್ ಮದರ್‌ಬೋರ್ಡ್, ಪವರ್ ಸಪ್ಲೈಗಳಿಗೆ ಎಟಿಎಕ್ಸ್ ಎಂಬ ವಿನ್ಯಾಸ ತಂದಿತು, 1996ರ ಕೊನೆಗೆ ಇಂಟೆಲ್, ಮೈಕ್ರೋಸಾಫ್ಟ್, ತೊಶಿಬಾ ಸೇರಿ ವಿದ್ಯುತ್ ನಿರ್ವಹಣೆಗೆ ಎಸಿಪಿಐ ಎಂಬ ನಿಯಮಾವಳಿ ಹೊರಡಿಸಿದವು. ಅಂದಿನಿಂದ ಗುಂಡಿ ಎಂಬುದು ಬರೀ ಅರ್ಜಿ. ಕರೆಂಟು ಕಡಿಯುವ ಅಧಿಕಾರ ತಂತ್ರಾಂಶಕ್ಕೆ ಹೋಯಿತು. ಅಲ್ಲಿಂದಲೇ ತಕರಾರೂ ಶುರು: ವಿಂಡೋಸ್ 98ರ ಎರಡನೇ ಆವೃತ್ತಿ ಸರಿಯಾಗಿ ಬಂದ್ ಆಗದೆ, ಅದಕ್ಕೆಂದೇ ಮೈಕ್ರೋಸಾಫ್ಟ್ ಒಂದು ಪ್ರತ್ಯೇಕ ಶಟ್‌ಡೌನ್ ತೇಪೆ ಬಿಡುಗಡೆ ಮಾಡಬೇಕಾಯಿತು.

ರಾತ್ರಿ ಹೊರಡುವ ಮೊದಲು ಮಾವ ತಾವೇ ಬಂದ್ ಮಾಡಿ ತೋರಿಸಿದರು. ಪರದೆ ಕಪ್ಪಾಯಿತು, ಫ್ಯಾನ್ ನಿಂತಿತು. ಆದರೂ ಸಮಾಧಾನವಾಗದೆ ಕ್ಯಾಬಿನೆಟ್ಟಿನ ಹಿಂದೆ ಬಗ್ಗಿದರು.

“ಮತ್ತೆ ಇಲ್ಲಿ ಹಸಿರು ಲೈಟ್ ಯಾಕೆ ಉರೀತದೆ?”

ಹೊಸ ವೈರ್ ಸಿಕ್ಕಿಸಿದ ತೂತಿನ ಪಕ್ಕದ ದೀಪ ಅದು. ಬಂದ್ ಆದ ಮೇಲೂ ಪವರ್ ಸಪ್ಲೈ 5 ವೋಲ್ಟಿನ ಒಂದು ಸಣ್ಣ ಧಾರೆ ಬಿಟ್ಟಿರುತ್ತದೆ, ಗುಂಡಿ ಒತ್ತಿದ್ದು ಗೊತ್ತಾಗಬೇಕಲ್ಲ, ಅದಕ್ಕೆ, ಎಂದು ವಿವರಿಸಿದೆ. ಮಾವ ಒಂದು ಕ್ಷಣ ನನ್ನ ಮುಖ ನೋಡಿ, ಗೋಡೆಯ ಸ್ವಿಚ್ಚನ್ನೇ ಆರಿಸಿದರು. ಒಳಗೆ ನಾಲ್ಕಾಣೆಯಷ್ಟು ದೊಡ್ಡ ಒಂದು ಸೆಲ್ ಇದೆ, ಅದು ಇನ್ನೂ ಗಡಿಯಾರ ಓಡಿಸುತ್ತಿದೆ ಎಂದು ನಾನು ಹೇಳಲು ಹೋಗಲಿಲ್ಲ.