ಸುಡುವ ಮರವೇ ಹೆಚ್ಚು ಹೊತ್ತು ನಿಲ್ಲುತ್ತದೆ

ಮಂಗಳೂರು, ಉಡುಪಿ ಕಡೆ ಮನೆ ಕಟ್ಟಿಸಿದವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಹಂಚಿನ ಮಾಡಿನಲ್ಲಿ, ಅಂದರೆ ಛಾವಣಿಯಲ್ಲಿ, ಮರವಿದೆ, ಬೆಂಕಿ ಬಿದ್ದರೆ ಕತೆ ಮುಗಿಯಿತು. ಅದನ್ನು ಇಳಿಸಿ ಕಬ್ಬಿಣದ ಪೈಪಿನ ಮೇಲೆ ಶೀಟು ಹಾಕಿಸಿದರೆ ಚಿಂತೆಯಿಲ್ಲ, ಕಬ್ಬಿಣಕ್ಕೆ ಬೆಂಕಿ ಹತ್ತುವುದಿಲ್ಲವಲ್ಲ! ಹತ್ತುವುದಿಲ್ಲ, ನಿಜ. ಆದರೆ ಪಾಂಡೇಶ್ವರದಿಂದಲೋ ಕದ್ರಿಯಿಂದಲೋ ವಾಹನ ಹತ್ತಿ ಬಂದು ಆ ಮಾಡಿನ ಕೆಳಗೆ ನುಗ್ಗುವ ಅಗ್ನಿಶಾಮಕ ಸಿಬ್ಬಂದಿಗೆ ತಿಳಿಯಬೇಕಾದದ್ದು ಬೇರೆಯೇ: ತಲೆಯ ಮೇಲಿರುವುದು ಇನ್ನೆಷ್ಟು ನಿಮಿಷ ನಿಂತೀತು? ಇದಕ್ಕೆ ಉತ್ತರ ಹೇಳುವುದು ಹೆಚ್ಚಾಗಿ ತುಂಡಿನ ದಪ್ಪ.

ಬಚ್ಚಲೊಲೆಯ ಕೊಳ್ಳಿಯನ್ನು ನೋಡಿ. ಒಂದು ತುದಿ ನಿಗಿನಿಗಿ ಕೆಂಡ, ಇನ್ನೊಂದು ತುದಿಯನ್ನು ಬರಿಗೈಯಲ್ಲಿ ಹಿಡಿದು ಒಳಕ್ಕೆ ತಳ್ಳುತ್ತೇವೆ. ಅಷ್ಟೇ ಉದ್ದದ ಕಬ್ಬಿಣದ ಸರಳನ್ನು ಹಾಗೆ ಹಿಡಿಯುವ ಧೈರ್ಯ ಯಾರಿಗೂ ಇಲ್ಲ. ಉಕ್ಕಿನಲ್ಲಿ ಶಾಖ ಸಾಗುವಷ್ಟು ಸಲೀಸಾಗಿ ಮರದಲ್ಲಿ ಸಾಗದು; ಎರಡಕ್ಕೂ ಸುಮಾರು ಮುನ್ನೂರು ಪಟ್ಟು ಅಂತರ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮರದ ಮೈ ಇದ್ದಿಲಾಗುತ್ತದೆ. ತೂತು ತೂತಾದ ಆ ಇದ್ದಿಲು ಶಾಖವನ್ನು ಮರಕ್ಕಿಂತಲೂ ಕಡಿಮೆ ಬಿಟ್ಟುಕೊಡುತ್ತದೆ. ಹೀಗಾಗಿ ಬೆಂಕಿ ತನ್ನ ದಾರಿಗೆ ತಾನೇ ಅಡ್ಡ ಕಟ್ಟಿಕೊಳ್ಳುತ್ತದೆ. ಪೈನ್‌ನಂಥ ಮೆದು ಮರದಲ್ಲಿ ಇದ್ದಿಲಿನ ಪದರ ನಿಮಿಷಕ್ಕೆ ಸುಮಾರು 0.65 ಮಿಲಿಮೀಟರ್ ಒಳಕ್ಕೆ ಸರಿಯುತ್ತದೆ. ಸಾಂದ್ರವಾದ ಗಟ್ಟಿಮರದಲ್ಲಿ ಇನ್ನೂ ನಿಧಾನ. ಪದರದ ಒಳಗಿನ ಕೆಲವು ಮಿಲಿಮೀಟರ್ ಮರ ಬಿಸಿಗೆ ಸೊರಗುತ್ತದೆ, ಅದರಾಚೆಯದು ಹೆಚ್ಚುಕಡಿಮೆ ಮೊದಲಿನಂತೆಯೇ ಇರುತ್ತದೆ.

ಲೆಕ್ಕ ಹಾಕೋಣ. ಹಳೆಯ ಗುತ್ತಿನ ಮನೆಯಲ್ಲಿ 200 ಮಿಲಿಮೀಟರ್ ಅಗಲ, ಅಷ್ಟೇ ಎತ್ತರದ ಹಲಸಿನ ತೊಲೆ ಇದೆಯೆನ್ನಿ. ನಾಲ್ಕೂ ಕಡೆಯಿಂದ ಅರ್ಧ ಗಂಟೆ ಉರಿದು, ನಿಮಿಷಕ್ಕೆ 0.6 ಮಿಲಿಮೀಟರ್ ಹೋದರೆ ಪ್ರತಿ ಮೈಯಿಂದ 18 ಮಿಲಿಮೀಟರ್ ಇದ್ದಿಲಾಗಿ, 164 ಮಿಲಿಮೀಟರಿನ ತೊಲೆ ಉಳಿಯುತ್ತದೆ. ಮುರಿಯದೆ ಭಾರ ಹೊರುವ ಶಕ್ತಿಯು ಅಗಲವನ್ನು ಎತ್ತರದ ವರ್ಗದಿಂದ ಗುಣಿಸಿದಂತೆ ಬದಲಾಗುವುದರಿಂದ ಬಿಸಿಗೆ ಸೊರಗಿದ ಪದರವನ್ನು ಗಣಿಸದಿದ್ದರೆ ಇನ್ನೂ ಶೇಕಡಾ 55ರಷ್ಟು ಬಲ ಬಾಕಿ. ನೋಡುವವರಿಗೆ ಕರ್ರಗಿನ ಕೊರಡು, ಒಳಗೆ ಮಾತ್ರ ತೊಲೆ.

ಈಗ ಅದೇ ಮಾಡಿನ ರೀಪಿಗೆ, ಅಂದರೆ ಹಂಚು ಕೂರುವ ತೆಳು ಮರದ ಪಟ್ಟಿಗೆ, ಬನ್ನಿ. ಅದರ ಅಳತೆ 50 ಮಿಲಿಮೀಟರ್ ಅಗಲ, 25 ದಪ್ಪ. ಮೇಲ್ಮೈಯನ್ನು ಹಂಚು ಕಾಯುತ್ತದೆ ಎಂದಿಟ್ಟುಕೊಂಡು ಉಳಿದ ಮೂರು ಕಡೆ 20 ನಿಮಿಷ ಸುಟ್ಟರೆ ಉಳಿಯುವುದು 26ಕ್ಕೆ 13. ಬಲ ಶೇಕಡಾ 14ಕ್ಕೆ ಇಳಿಯಿತು! ಮರ ಒಂದೇ, ಬೆಂಕಿ ಒಂದೇ. ರೀಪನ್ನು ಹೊರುವ ಇಳಿಜಾರು ಮರವಾದ ಪಕ್ಕಾಸು ಇವೆರಡರ ನಡುವೆ ಎಲ್ಲೋ ಬರುತ್ತದೆ. ಆದ್ದರಿಂದ ಹಂಚಿನ ಮಾಡು ಸಾಮಾನ್ಯವಾಗಿ ಒಮ್ಮೆಗೇ ಕುಸಿಯುವುದಿಲ್ಲ. ಮೊದಲು ರೀಪು ಸೋಲುತ್ತದೆ, ಹಂಚು ಮಳೆಯಂತೆ ಸುರಿಯುತ್ತದೆ, ಆಮೇಲೆ ಪಕ್ಕಾಸು, ಕಟ್ಟಕಡೆಗೆ ತೊಲೆ. ಒಂದು ಹಂಚು ಎರಡರಿಂದ ಮೂರು ಕಿಲೋ, ಚದರ ಮೀಟರಿಗೆ ಸುಮಾರು 15 ಹಂಚು. 20 ಚದರ ಮೀಟರಿನ ಮಾಡಿನಲ್ಲಿ ಹತ್ತಿರಹತ್ತಿರ ಮುಕ್ಕಾಲು ಟನ್ ತೂಗುತ್ತಿರುತ್ತದೆ. ಮಳೆಗಾಲದಲ್ಲಿ ನೀರು ಕುಡಿದ ಹಂಚು ಇನ್ನೂ ಭಾರ. ಹಂಚಿಗೆ ಮೊಳೆಯಿಲ್ಲ, ಅಡಿಯ ಕೊಕ್ಕೆಯನ್ನು ರೀಪಿಗೆ ಸಿಕ್ಕಿಸಿರುತ್ತಾರೆ, ಅಷ್ಟೆ. ಹೊರಗಿನಿಂದ ಏಣಿ ಇಟ್ಟು ನಾಲ್ಕು ಹಂಚು ಸರಿಸಿದರೆ ಹೊಗೆಗೆ ದಾರಿಯಾಗುತ್ತದೆ, ಗರಗಸ ಬೇಡ. ಈ ಅನುಕೂಲ ಸ್ಲ್ಯಾಬಿನ ಮನೆಯಲ್ಲಿ ಎಲ್ಲಿದೆ? ಹತ್ತಿದವರು ಮಾತ್ರ ಕಾಲಿಡಬೇಕಾದದ್ದು ಪಕ್ಕಾಸುಗಳ ಮೇಲೆ ಅಡ್ಡ ಹಾಸಿದ ಏಣಿಯ ಮೇಲೆ. ಹಂಚಿನ ಮೇಲೆ ಕಾಲಿಟ್ಟರೆ ಇಡೀ ಭಾರ ಆ ಬಡ ರೀಪಿಗೆ ಬೀಳುತ್ತದೆ.

ಹಂಚಿನ ಕೆಳಗೆ ಮುಚ್ಚಿಗೆ, ಅಂದರೆ ಹಲಗೆಯ ಒಳಹೊದಿಕೆ, ಇದ್ದರೆ ಲೆಕ್ಕ ತಪ್ಪುತ್ತದೆ. ಹಲಗೆಗೂ ಹಂಚಿಗೂ ನಡುವಿನ ಜಾಗದಲ್ಲಿ ಬೆಂಕಿ ಮನೆಯ ಈ ತುದಿಯಿಂದ ಆ ತುದಿಗೆ ಓಡಿದರೂ ಕೆಳಗಿನ ಕೋಣೆ ತಣ್ಣಗೇ ಇರಬಹುದು. ಶಾಖ ತೋರಿಸುವ ಕ್ಯಾಮೆರಾ ಕಾಣುವುದು ಹಲಗೆಯ ಕೆಳಮೈಯ ತಾಪವನ್ನು, ಹಲಗೆಯಾಚೆ ಅದರ ಕಣ್ಣು ಹಾಯದು. ಒಳಗೆ ಹೋದವರು ಬಾಗಿಲ ಬಳಿ ನಿಂತೇ ಕೊಕ್ಕೆಯಿಂದ ಒಂದು ಹಲಗೆ ಕಿತ್ತು ಮೇಲೆ ನೋಡುವುದು ಇದಕ್ಕಾಗಿ. ಇನ್ನೊಂದು ಕುತ್ತು ತೊಲೆಯ ತುದಿಯಲ್ಲಿದೆ. ಗೋಡೆಯೊಳಗೆ ಹುದುಗಿದ ಆ ಗೇಣುದ್ದ ಮರ ವರ್ಷಗಟ್ಟಲೆ ತೇವ ಹೀರಿ ಕುಂಬಾಗಿರುತ್ತದೆ, ಇಲ್ಲವೆ ಗೆದ್ದಲು ಹಿಡಿದಿರುತ್ತದೆ. ನಡುವಿನಲ್ಲಿ ಶೇಕಡಾ 55 ಬಲವಿದ್ದು ಏನು ಫಲ, ತುದಿ ಕಳಚಿದರೆ?

ಬೆಂಕಿಯಲ್ಲಿ ಕಬ್ಬಿಣವನ್ನು ನಂಬಬಾರದೆಂಬ ಅರಿವು ಈ ಹಂಚಿಗಿಂತ ಹಳೆಯದು. ಲಂಡನ್ ಅಗ್ನಿಶಾಮಕ ದಳದ ಮುಖ್ಯಸ್ಥ ಜೇಮ್ಸ್ ಬ್ರೇಡ್‌ವುಡ್ 1849ರಲ್ಲೇ ಎಂಜಿನಿಯರುಗಳ ಮುಂದೆ ನಿಂತು, ಎರಕದ ಕಬ್ಬಿಣದ ಕಂಬಗಳ ಗೋದಾಮುಗಳಿಗೆ ‘ಬೆಂಕಿ ತಾಗದ ಕಟ್ಟಡ’ ಎಂಬ ಬಿರುದು ಸಲ್ಲದು ಎಂದು ವಾದಿಸಿದ್ದರು. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಅದು ಸೀಳಬಹುದು. 1861ರ ಜೂನ್ 22ರಂದು ಥೇಮ್ಸ್ ದಂಡೆಯ ಟೂಲಿ ಸ್ಟ್ರೀಟ್ ಗೋದಾಮುಗಳ ಬೆಂಕಿಯಲ್ಲಿ ಗೋಡೆ ಮೇಲೆ ಕುಸಿದು ಅವರೇ ಸತ್ತರು. ನಾಲ್ಕು ವರ್ಷಗಳ ನಂತರ, 1865ರಲ್ಲಿ, ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಬೆಂಕಿ ಹತ್ತದ ಮಣ್ಣಿನ ಹಂಚು, ಮಾಡಿಗೆ ಹೊದಿಸುತ್ತಿದ್ದ ಮುಳಿಹುಲ್ಲಿನ ಜಾಗಕ್ಕೆ ಬಂತು. ಕಿಡಿ ಹಾರಿ ಸಾಲುಮನೆಗಳೇ ಸುಟ್ಟುಹೋಗುವ ಭಯ ಇಳಿಸಿದ್ದು ಅದು, ಈ ಶೀಟು ಅಲ್ಲ.

ಶೀಟಿನ ಮಾಡಿಗೆ ಈಗ ಬರಬಹುದು. ಇಲ್ಲಿನ ಮಳೆಗೆ ಸ್ಲ್ಯಾಬು ಸೋರುತ್ತದೆಂದು ತಾರಸಿಯ ಮೇಲೂ ಪೈಪು ನಿಲ್ಲಿಸಿ ಶೀಟು ಹೊದಿಸುತ್ತಾರೆ. ಪೈಪಿನ ತಗಡು ಎರಡೋ ಮೂರೋ ಮಿಲಿಮೀಟರ್ ದಪ್ಪ. ಮರವನ್ನು ಬೆಂಕಿ ಹೊರಗಿನಿಂದ ಒಂದೊಂದೇ ಮಿಲಿಮೀಟರ್ ತಿಂದರೆ, ಇಂಥ ಪೈಪು ಇಡಿಯಾಗಿ ಒಟ್ಟಿಗೆ ಕಾಯುತ್ತದೆ. 400 ಡಿಗ್ರಿಯವರೆಗೆ ಉಕ್ಕಿನ ಬಲ ಬಹುಪಾಲು ಹಾಗೇ ಇರುತ್ತದೆ. 600ಕ್ಕೆ ಅರ್ಧಕ್ಕಿಂತ ಕಡಿಮೆ, 700ಕ್ಕೆ ಕಾಲು ಭಾಗವೂ ಇಲ್ಲ. ಪ್ರಮಾಣಿತ ಬೆಂಕಿ ಪರೀಕ್ಷೆಯ ಕುಲುಮೆ 5 ನಿಮಿಷಕ್ಕೆ 576 ಡಿಗ್ರಿ, 10 ನಿಮಿಷಕ್ಕೆ 678 ಡಿಗ್ರಿ ಮುಟ್ಟುತ್ತದೆ. ತೆಳು ಪೈಪು ಅದರ ಬೆನ್ನಿಗೇ ಇರುತ್ತದೆ. ಅಡುಗೆಮನೆ ಆಗ್ನೇಯಕ್ಕಿಲ್ಲವೆಂದು ಗೋಡೆ ಒಡೆಸಿ ಲಕ್ಷ ಸುರಿಯುವವರು, ಈ ಶೀಟಿನಡಿ ತೆಂಗಿನ ಸಿಪ್ಪೆ, ಅಡಿಕೆ ಹಾಳೆ, ಹಳೆಯ ಹಾಸಿಗೆ ಒಟ್ಟುವಾಗ ಯಾವ ದಿಕ್ಕನ್ನೂ ನೋಡುವುದಿಲ್ಲ.

ಮೆತ್ತಗಾಗುವ ಮೊದಲು ಉಕ್ಕು ಹಿಗ್ಗುತ್ತದೆ. 10 ಮೀಟರ್ ಉದ್ದದ ಪೈಪು 500 ಡಿಗ್ರಿ ಹೆಚ್ಚು ಕಾದರೆ 60 ಮಿಲಿಮೀಟರಿಗೂ ಮಿಕ್ಕಿ ಉದ್ದವಾಗುತ್ತದೆ. ಅದರ ಎರಡೂ ತುದಿ ಮುರಕಲ್ಲಿನ (ಲ್ಯಾಟರೈಟ್) ಗೋಡೆಯಲ್ಲಿ ಹೂತಿದ್ದರೆ ಗೋಡೆಯನ್ನು ಹೊರಕ್ಕೆ ನೂಕುತ್ತದೆ, ಆಮೇಲೆ ಜೋತು ಬಿದ್ದಾಗ ಒಳಕ್ಕೆ ಎಳೆಯುತ್ತದೆ. ಮುರಕಲ್ಲು ಮೇಲಿನ ಭಾರವನ್ನು ಚೆನ್ನಾಗಿ ತಾಳುತ್ತದೆ. ಮಣ್ಣಿನ ಗಾರೆಯಲ್ಲಿ ಕೂರಿಸಿದ ಹಳೆಯ ಗೋಡೆ ಪಕ್ಕದ ನೂಕನ್ನು ತಾಳದು. ಮಾಡು ಹೋದ ಮೇಲೆ ಒಂಟಿಯಾಗಿ ನಿಂತ ತ್ರಿಕೋನ ಗೋಡೆಯಂತೂ ಗಾಳಿಗೂ ಬೀಳಬಹುದು. ಗೋಡೆಯ ಎತ್ತರದ ಒಂದೂವರೆ ಪಟ್ಟು ದೂರದೊಳಗೆ ಯಾರೂ ನಿಲ್ಲಬಾರದು ಎಂಬ ನಿಯಮ ಇದಕ್ಕೇ ಇರುವುದು. ಹತ್ತಿರ ಹೋಗಲೇಬೇಕಾದರೆ ಕಟ್ಟಡದ ಮೂಲೆಯ ದಿಕ್ಕಿನಿಂದ ಹೋಗುವುದು ವಾಸಿ, ಎರಡು ಗೋಡೆಗಳು ಒಂದನ್ನೊಂದು ಹಿಡಿದುಕೊಂಡಿರುವ ಜಾಗ ಅದು.

ಸ್ಲ್ಯಾಬಿನ ಕತೆ ಚಿಕ್ಕದು. ಒಳಗಿನ ಸರಳಿಗೆ ಬೆಂಕಿಯಿಂದ ರಕ್ಷಣೆ ಅದರ ಕೆಳಗಿರುವ ಕಾಂಕ್ರೀಟಿನ ಹೊದಿಕೆ, ಸಾಮಾನ್ಯವಾಗಿ 20 ಮಿಲಿಮೀಟರ್. ಕಡಲ ಉಪ್ಪು ಸರಳಿಗೆ ತುಕ್ಕು ಹಿಡಿಸಿ, ತುಕ್ಕು ಉಬ್ಬಿ ಆ ಹೊದಿಕೆಯನ್ನು ಮೊದಲೇ ಉದುರಿಸಿರುತ್ತದೆ. ಸರಳು ಕಾಣುವ ಸ್ಲ್ಯಾಬಿನಡಿ ನಿಂತವರು ಬರಿ ಉಕ್ಕಿನಡಿ ನಿಂತಂತೆಯೇ ಲೆಕ್ಕ.

ಪೇಟೆಯ ಹಳೆಯ ಅಂಗಡಿಗಳು ಇನ್ನೊಂದು ಬಗೆಯಲ್ಲಿ ಕಣ್ಣು ಕಟ್ಟುತ್ತವೆ. ಎದುರಿಗೆ ಹೊಳೆಯುವ ಅಲ್ಯೂಮಿನಿಯಂ ಫಲಕ, ಗಾಜು, ಒಳಗೆ ಜಿಪ್ಸಂ ಸೀಲಿಂಗ್. ಹಿಂದೆ ಅದೇ ಹಂಚು, ಮರದ ಅಟ್ಟ, ಅಟ್ಟದ ತುಂಬ ಬಟ್ಟೆಯ ಮೂಟೆ. ಮಿನಿಟಿಗೆ 400 ಲೀಟರ್ ಬಿಡುವ ಒಂದು ಪೈಪು ಹತ್ತು ನಿಮಿಷದಲ್ಲಿ ನಾಲ್ಕು ಟನ್ ನೀರು ಸುರಿಯುತ್ತದೆ. ಅದರಲ್ಲಿ ಮೂಟೆಗಳು ಹೀರಿಕೊಂಡಷ್ಟೂ ಭಾರ ಅರೆಸುಟ್ಟ ಅಟ್ಟದ ಮೇಲೆಯೇ. ಅಂಗಡಿಯ ಹಿಂಬದಿಗೆ ಒಂದು ಸುತ್ತು ಹೋಗಿ ಮಾಡು ನೋಡಿ ಬರುವ ಎರಡು ನಿಮಿಷ ವ್ಯರ್ಥವಲ್ಲ. ಮನೆಯವರೂ ಅಂಗಡಿಯವರೂ ಫೋನಿನಲ್ಲೇ ‘ಮೇಲೆ ಅಟ್ಟವಿದೆ, ಮುಚ್ಚಿಗೆಯಿದೆ, ಇಂತಿಂಥ ಸರಕಿದೆ, ಬೆಂಕಿ ಕಂಡದ್ದು ಇಷ್ಟು ಗಂಟೆಗೆ’ ಎಂದು ಹೇಳಬೇಕು. ರೀಪಿನ ಆ 20 ನಿಮಿಷ ಎಣಿಕೆಯಾಗುವುದು ಬೆಂಕಿ ಅದಕ್ಕೆ ತಾಗಿದ ಕ್ಷಣದಿಂದ. ವಾಹನ ಬಂದು ನಿಲ್ಲುವಾಗ ಅರ್ಧ ಮುಗಿದಿರಬಹುದು.

ಬೆಂಕಿ ಆರಿದ ಮರುದಿನ ತೊಲೆಯನ್ನು ಉಳಿಸಬಹುದೇ ಎಂದು ನೋಡಲು ಉಳಿ ಸಾಕು: ಇದ್ದಿಲನ್ನು ಕೆತ್ತಿ, ಬೆಳ್ಳಗಿನ ಮರ ಕಂಡಲ್ಲಿ ಅಳೆದು, ಪ್ರತಿ ಮೈಯಿಂದ ಇನ್ನೊಂದು 7 ಮಿಲಿಮೀಟರ್ ಕಳೆದು ಲೆಕ್ಕ ಹಾಕಬೇಕು. ಗೋಡೆಯೊಳಗಿನ ತುದಿಯನ್ನೂ ಬಿಡಿಸಿ ನೋಡಬೇಕು, ಕೆಂಡ ಅಲ್ಲಿ ಹೊಗೆಯಾಡುತ್ತ ಉಳಿಯುವುದುಂಟು. ಶೀಟಿನ ಪೈಪನ್ನು ನೆಟ್ಟಗೆ ಮಾಡಿಸಿ ಮತ್ತೆ ನಿಲ್ಲಿಸುವವರಿದ್ದಾರೆ. ತಣಿದ ಉಕ್ಕಿಗೆ ಬಲ ಬಹಳಷ್ಟು ಮರಳುತ್ತದೆ, ಆದರೆ ಮೇಲಿನ ಸತುವಿನ ಲೇಪ 419 ಡಿಗ್ರಿಗೇ ಕರಗಿ ಕೆಟ್ಟಿರುತ್ತದೆ. ಇಲ್ಲಿನ ಮಳೆಗೆ ಅಂಥ ಪೈಪು ಬೇಗ ತುಕ್ಕು ಹಿಡಿಯುತ್ತದೆ, ಅದೂ ಮೊದಲು ಬೆಸುಗೆಯ ಸಂದಿಯಲ್ಲಿ.