ನೆಮ್ಮದಿ ಅಂದರೆ ಒರಗುವುದು

ಅಕ್ಕನ ಮಗಳಿಗೆ ಆಗ ಎರಡೂವರೆ ವರ್ಷ. ನಮ್ಮಮ್ಮನ ಹಳೇ ಕಾಟನ್ ಸೀರೆಯ ಒಂದು ತುಂಡು ಯಾವಾಗಲೂ ಅವಳ ಕೈಯಲ್ಲೇ ಇರುತ್ತಿತ್ತು. ತಿಳಿನೀಲಿ ಬಣ್ಣ, ಸಣ್ಣ ಚೌಕಳಿ, ಅಂಚೆಲ್ಲ ಎಳೆ ಬಿಟ್ಟುಕೊಂಡಿತ್ತು. ನಿದ್ದೆ ಬಂತೆಂದರೆ ಆ ಅಂಚನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಉಜ್ಜುತ್ತಾ ಉಳಿದ ಬಟ್ಟೆಯನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದಳು. ಹಾಲು, ಜೊಲ್ಲು, ಕೊಬ್ಬರಿ ಎಣ್ಣೆ ಎಲ್ಲ ಸೇರಿದ ಒಂದು ವಾಸನೆ ಅದಕ್ಕೆ. ಅವರು ಬನಶಂಕರಿಯ ನಮ್ಮ ಮನೆಗೆ ಬಂದಿದ್ದಾಗ ಒಂದು ದಿನ ನಾನು ಅದನ್ನು ಘಮಘಮ ಅನ್ನುವ ಲಿಕ್ವಿಡ್ ಹಾಕಿ ಒಗೆದು, ತಾರಸಿಯಲ್ಲಿ ಒಣಗಿಸಿ, ಮಡಚಿ ಕೊಟ್ಟೆ. ತಗೊಂಡಳು. ಮೂಗಿಗೆ ಇಟ್ಟುಕೊಂಡಳು. ಕೆಳಗೆ ಹಾಕಿದಳು.

"ಇದು ನಂದಲ್ಲ."

ಅವತ್ತು ರಾತ್ರಿ ಹನ್ನೊಂದಾದರೂ ಮಲಗಲಿಲ್ಲ, ಅತ್ತು ಅತ್ತು ಗಂಟಲು ಕಟ್ಟಿಹೋಯಿತು. ಅಮ್ಮ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡುತ್ತಾ ನನಗೆ ಹೇಳಿದರು: "ಒಗೆಯೋಕೆ ಮುಂಚೆ ಒಂದು ಮಾತು ಕೇಳಬಾರದಿತ್ತೇನೋ? ಅವಳ ನೆಮ್ಮದಿ ಎಲ್ಲ ಅದರಲ್ಲೇ ಇತ್ತು."

ಅಮ್ಮ ಸುಮ್ನೆ ಬಳಸಿದ ಪದ ಅದು. ಆದರೆ ಎಷ್ಟು ಸರಿಯಾದ ಪದ ಅಂತ ನನಗೆ ಆಮೇಲೆ ಗೊತ್ತಾಯಿತು. ಹಳೆಗನ್ನಡದಲ್ಲಿ 'ನೆಮ್ಮು' ಅಂತ ಒಂದು ಕ್ರಿಯಾಪದ ಇದೆ. ಒರಗಿಕೊಳ್ಳು, ಆತುಕೊಳ್ಳು, ಆಸರೆ ಪಡೆ ಅಂತ ಅರ್ಥ. ಗೋಡೆಗೆ ಬೆನ್ನು ಕೊಟ್ಟು ಕೂತಾಗ ನಾವು ಮಾಡುವುದೇ ಅದು. 'ನೆಮ್ಮದಿ'ಯನ್ನು ಅದರ ಪಕ್ಕ ಇಟ್ಟು ನೋಡಿ. ಸುಖ ಬೇರೆ, ಸೌಕರ್ಯ ಬೇರೆ. ಸೋಫಾ ಅಂಗಡಿಗೆ ಹೋದರೆ "ತುಂಬಾ ಕಂಫರ್ಟಬಲ್ ಸಾರ್, ಕೂತು ನೋಡಿ" ಅನ್ನುತ್ತಾರಲ್ಲ, ಅದು ಸೌಕರ್ಯ. ನೆಮ್ಮದಿ ಅಂದರೆ ಮನಸ್ಸಿಗೆ ಬೆನ್ನು ಕೊಡಲು ಒಂದು ಗೋಡೆ ಇದೆ ಅನ್ನುವ ಧೈರ್ಯ. ಕಂಫರ್ಟ್ ಅನ್ನುವ ಪದಕ್ಕೂ ಮೊದಲು ಮೆತ್ತನೆ ಸೋಫಾದ ಅರ್ಥ ಇರಲಿಲ್ಲ. ಲ್ಯಾಟಿನ್ ಭಾಷೆಯ 'ಫೋರ್ಟಿಸ್', ಅಂದರೆ ಗಟ್ಟಿ, ಬಲಶಾಲಿ ಅನ್ನುವ ಪದದಿಂದ ಹುಟ್ಟಿದ್ದು ಅದು. ಬಲ ತುಂಬುವುದು ಅಂತ ಮೂಲ ಅರ್ಥ.

ಸೀರೆ ತುಂಡಿನಂಥ ವಸ್ತುಗಳಿಗೆ ಮನಶ್ಶಾಸ್ತ್ರದಲ್ಲಿ ಒಂದು ಹೆಸರಿದೆ: ಟ್ರಾನ್ಸಿಷನಲ್ ಆಬ್ಜೆಕ್ಟ್. ನಾವು ನೆಮ್ಮದಿಯ ವಸ್ತು ಅನ್ನೋಣ. ಹೆಸರು ಕೊಟ್ಟವರು ಡೊನಾಲ್ಡ್ ವಿನಿಕಾಟ್. ಲಂಡನ್ನಿನ ಮಕ್ಕಳ ಡಾಕ್ಟರು, ಮನೋವಿಶ್ಲೇಷಕರೂ ಹೌದು. 1951ರಲ್ಲಿ ಈ ಬಗ್ಗೆ ಮಾತಾಡಿದರು, 1953ರಲ್ಲಿ ಲೇಖನ ಅಚ್ಚಾಯಿತು. ಅವರು ಹೇಳಿದ್ದು ಇಷ್ಟು. ಹುಟ್ಟಿದ ಹೊಸದರಲ್ಲಿ ಮಗುವಿಗೆ ತಾನು ಬೇರೆ, ಅಮ್ಮ ಬೇರೆ ಅನ್ನುವುದು ಗೊತ್ತಿರುವುದಿಲ್ಲ. ನಾಲ್ಕು ತಿಂಗಳಿಂದ ಒಂದು ವರ್ಷದೊಳಗೆ, ಅಮ್ಮ ಎದ್ದು ಆಚೆ ಹೋಗುತ್ತಾಳೆ ಅನ್ನುವುದು ಅರ್ಥವಾಗತೊಡಗಿದಾಗ, ಮಗು ಒಂದು ಬಟ್ಟೆಯನ್ನೋ ಗೊಂಬೆಯನ್ನೋ ಆರಿಸಿಕೊಳ್ಳುತ್ತದೆ. ಅದು ಅಮ್ಮನಲ್ಲ, ಆದರೆ ಪೂರ್ತಿ ಬರೀ ಬಟ್ಟೆಯೂ ಅಲ್ಲ. ಎರಡರ ನಡುವಿನ ಸೇತುವೆ. ಆರಿಸುವುದು ಮಗುವೇ ಅನ್ನುವುದನ್ನು ಮರೆಯಬಾರದು. ನಾವು ಎಷ್ಟೇ ದುಬಾರಿ ಟೆಡ್ಡಿ ತಂದುಕೊಟ್ಟರೂ ಅದು ಮೂಲೆಯಲ್ಲಿ ಬಿದ್ದಿರುತ್ತದೆ, ಮಗು ಮಾತ್ರ ಕೈ ಒರೆಸುವ ಟವೆಲ್ ಹಿಡಿದುಕೊಂಡು ಓಡಾಡುತ್ತದೆ, ಅಲ್ವಾ? ವಿನಿಕಾಟ್ ಒಗೆಯುವ ವಿಷಯವನ್ನೂ ಬರೆದಿದ್ದಾರೆ. ಅದು ಕೊಳೆಯಾಗಲಿ, ವಾಸನೆ ಬರಲಿ ಅಂತ ತಾಯಂದಿರು ಬಿಟ್ಟಿರುತ್ತಾರಂತೆ. ಒಗೆದರೆ ಮಗುವಿನ ಅನುಭವದ ಎಳೆಯೇ ತುಂಡಾಗುತ್ತದೆ ಅಂತ ಅವರಿಗೆ ಗೊತ್ತು. ಇದನ್ನು ಓದಿದಾಗ ನನಗೆ ಆ ರಾತ್ರಿ ನೆನಪಾಗಿ ಸಂಕಟವಾಯಿತು.

ವಾಸನೆಗೆ ಯಾಕೆ ಇಷ್ಟು ಶಕ್ತಿ? ನೋಟ, ಸದ್ದು, ಸ್ಪರ್ಶ ಎಲ್ಲ ಮೆದುಳಿನಲ್ಲಿ ಥಾಲಮಸ್ ಅನ್ನುವ ಒಂದು ನಿಲ್ದಾಣ ದಾಟಿ ಮುಂದೆ ಹೋಗುತ್ತವೆ. ವಾಸನೆ ಹಾಗಲ್ಲ. ಅಲ್ಲಿ ನಿಲ್ಲದೆ ನೇರವಾಗಿ ಭಾವನೆ ಮತ್ತು ನೆನಪಿನ ಭಾಗಗಳನ್ನು ತಲುಪುತ್ತದೆ. ಮೂಗಿಗೆ ತಾಕಿದ ಕೂಡಲೇ ಎದೆ ತುಂಬಿ ಬರುವುದು ಅದಕ್ಕೇ.

ಮೆತ್ತಗಿರುವುದಕ್ಕೂ ಕಾರಣ ಇದೆ. 1950ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಹಾರ್ಲೋ ಅನ್ನುವ ಮನಶ್ಶಾಸ್ತ್ರಜ್ಞರು ತಾಯಿಯಿಂದ ಬೇರೆ ಮಾಡಿದ ಕೋತಿ ಮರಿಗಳ ಮುಂದೆ ಎರಡು ಬೊಂಬೆ ಇಟ್ಟರು. ಒಂದು ತಂತಿಯದು, ಅದರಲ್ಲಿ ಹಾಲಿನ ಬಾಟಲಿ. ಇನ್ನೊಂದಕ್ಕೆ ಬಟ್ಟೆ ಸುತ್ತಿತ್ತು, ಹಾಲು ಇರಲಿಲ್ಲ. ಮರಿಗಳು ಹಸಿವಾದಾಗ ಮಾತ್ರ ತಂತಿಯ ಹತ್ತಿರ ಹೋಗಿ ಕುಡಿದು, ಮತ್ತೆ ಬಂದು ಬಟ್ಟೆಯ ಬೊಂಬೆಯನ್ನೇ ಅಪ್ಪಿಕೊಂಡಿರುತ್ತಿದ್ದವು. ಆ ಮರಿಗಳ ಪಾಡು ಓದಿದರೆ ಹೊಟ್ಟೆ ಕಲಕುತ್ತದೆ. ಇಂಥ ಪ್ರಯೋಗ ಮಾಡಬಾರದಿತ್ತು ಅಂತಲೇ ನನ್ನ ಅನಿಸಿಕೆ. ಆದರೆ ಅಪ್ಪುಗೆಯ ಹಸಿವು ಹೊಟ್ಟೆಯ ಹಸಿವಿಗಿಂತ ಬೇರೆ ಅನ್ನುವುದನ್ನು ಅವು ತೋರಿಸಿಕೊಟ್ಟವು.

ಇನ್ನೊಂದು ಮಾತು. "ಅಂಥದ್ದೇ ಇನ್ನೊಂದು ತಂದುಕೊಟ್ಟರಾಯ್ತು" ಅನ್ನುವವರು ಇದ್ದಾರೆ. ಆಗುವುದಿಲ್ಲ. ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ ಅನ್ನುವ ಮನಶ್ಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪುಟ್ಟ ಮಕ್ಕಳಿಗೆ ಒಂದು 'ನಕಲು ಮಾಡುವ ಯಂತ್ರ' ತೋರಿಸಿದರು. ಒಳಗೆ ಏನಿಟ್ಟರೂ ಅಚ್ಚು ಅದರಂತೆಯೇ ಇನ್ನೊಂದು ಬರುತ್ತದೆ ಅಂತ ನಂಬಿಸಿದರು. ಮಾಮೂಲಿ ಆಟಿಕೆಯಾದರೆ ಮಕ್ಕಳಿಗೆ ಹೊಸ ನಕಲೇ ಆಗಬಹುದು. ರಾತ್ರಿ ತಬ್ಬಿಕೊಂಡು ಮಲಗುವ ಗೊಂಬೆಯ ವಿಷಯ ಬಂದಾಗ ಹೆಚ್ಚಿನವರಿಗೆ ತಮ್ಮದೇ ಬೇಕಿತ್ತು, ಕೆಲವರು ಯಂತ್ರದೊಳಗೆ ಇಡಲೂ ಬಿಡಲಿಲ್ಲ.

ನಮ್ಮ ಕಡೆ ಇದು ಸ್ವಲ್ಪ ಬೇರೆ ಥರ ಕಾಣುತ್ತದೆ. ಇಲ್ಲಿ ಮಗು ಅಮ್ಮನ ಪಕ್ಕದಲ್ಲೇ ಮಲಗುತ್ತದೆ. ಅಮ್ಮನೇ ಇರುವಾಗ ಸೇತುವೆ ಯಾಕೆ? ಹಾಗಾಗಿ ನಮ್ಮ ಮಕ್ಕಳು ಹಿಡಿದುಕೊಳ್ಳುವುದು ಅಮ್ಮನ ಮೈ ಮೇಲಿರುವುದನ್ನೇ: ಸೆರಗು, ಕಿವಿಯ ಹಾಲೆ, ಮಾಂಗಲ್ಯದ ಸರ. ಇಟಲಿಯಲ್ಲಿ ನಡೆದು 1970ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲೂ ಹೀಗೇ ಕಂಡಿತ್ತು. ಅಮ್ಮನಿಗೆ ಹತ್ತಿರವಾಗಿ ಬೆಳೆಯುವ ಹಳ್ಳಿ ಮಕ್ಕಳಿಗಿಂತ ರೋಮ್ ನಗರದ ಮಕ್ಕಳಲ್ಲಿ ಇಂಥ ವಸ್ತುಗಳು ಜಾಸ್ತಿ. ಬೆಂಗಳೂರಿನಲ್ಲಿ ಅಮ್ಮ ಬೆಳಗ್ಗೆ ಎಂಟಕ್ಕೆ ಕ್ಯಾಬ್ ಹತ್ತಿ ಹೋದರೆ ಸಿಲ್ಕ್ ಬೋರ್ಡ್ ದಾಟಿ ವಾಪಸ್ ಬರುವುದು ರಾತ್ರಿಗೆ. ಸೆರಗು ಅವಳ ಜೊತೆ ಹೊರಟುಹೋಗುತ್ತದೆ. ಅವಳ ದುಪಟ್ಟಾನೋ ನೈಟಿಯೋ ಮಗುವಿನ ಕೈಯಲ್ಲಿ ಉಳಿಯುತ್ತದೆ. ನಮ್ಮಕ್ಕನ ಮನೆಯಲ್ಲಿ ಉಳಿದಿದ್ದು ಅಜ್ಜಿಯ ಸೀರೆ. ಮಗು ಹುಟ್ಟಿದಾಗ ಜೋಲಿ ಕಟ್ಟಿದ್ದು ಅದರಲ್ಲೇ.

ದೊಡ್ಡವರಿಗೂ ಇದೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ಪೀಜಿಯಲ್ಲಿ ನನ್ನ ಜೊತೆಗಿದ್ದ ಬಾಗಲಕೋಟೆ ಕಡೆಯ ಗೆಳೆಯ ಮಂಚಕ್ಕೆ ಒಳ್ಳೇ ರಗ್ಗು ಕೊಟ್ಟಿದ್ದರೂ ಅವ್ವ ಹೊಲಿದ ಕೌದಿಯನ್ನೇ ಹೊದೆಯುತ್ತಿದ್ದ. ನನ್ನ ಹತ್ತಿರ ಅಪ್ಪನ ಎಚ್‌ಎಂಟಿ ವಾಚಿದೆ. ಗಾಜಿನ ಮೇಲೆ ಗೀರು, ದಿನಾ ಕೀ ಕೊಡಬೇಕು. ಆಸ್ಪತ್ರೆಗೋ ಇಂಟರ್‌ವ್ಯೂಗೋ ಹೋಗುವಾಗ ಅದನ್ನೇ ಕಟ್ಟಿಕೊಳ್ಳುತ್ತೇನೆ. ಟೈಮು ನೋಡುವುದು ಮೊಬೈಲಿನಲ್ಲೇ. ಇದು ದೌರ್ಬಲ್ಯ ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ.

ಪುಟ್ಟ ಮಕ್ಕಳಿರುವ ಮನೆಯವರಿಗೆ ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಒಂದು ವರ್ಷ ತುಂಬುವವರೆಗೆ ಮಗು ಮಲಗುವ ಜಾಗದಲ್ಲಿ ಸಡಿಲ ಬಟ್ಟೆ, ದಿಂಬು, ಮೆತ್ತನೆ ಗೊಂಬೆ ಬೇಡ. ಮುಖದ ಮೇಲೆ ಬಿದ್ದು ಉಸಿರು ಕಟ್ಟಬಹುದು. ಆಮೇಲೆ ಅದು ಏನನ್ನು ಹಿಡಿದುಕೊಂಡರೂ "ಇಷ್ಟು ದೊಡ್ಡವನಾಗಿ ಇನ್ನೂ ಇದಾ" ಅಂತ ಕಿತ್ತುಕೊಳ್ಳಬೇಡಿ. ತಾನಾಗೇ ಬಿಡುತ್ತದೆ. ಬಿಟ್ಟ ಮೇಲೆ ಮಗು ಅದಕ್ಕಾಗಿ ಅಳುವುದೂ ಇಲ್ಲ, ಅದನ್ನು ಪೂರ್ತಿ ಮರೆಯುವುದೂ ಇಲ್ಲ, ಸುಮ್ನೆ ಅದರ ಅರ್ಥ ಕರಗಿಹೋಗುತ್ತದೆ ಅನ್ನುತ್ತಾರೆ ವಿನಿಕಾಟ್.

ಅವತ್ತು ಅಮ್ಮ ಆ ಒಗೆದ ತುಂಡನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡು ದಿನ ಅಡುಗೆ ಮಾಡಿದರು. ಮೂರನೇ ದಿನ ಮಗು ಅದನ್ನು ಮೂಸಿ ನೋಡಿ, ಏನೂ ಹೇಳದೆ ಎತ್ತಿಕೊಂಡು ಹೋಯಿತು. ಈಗ ಅವಳಿಗೆ ಏಳು ವರ್ಷ, ಸೈಕಲ್ ಬಿಟ್ಟರೆ ಬೇರೆ ಧ್ಯಾನವಿಲ್ಲ. ಆ ಸೀರೆ ತುಂಡು ಅಕ್ಕನ ಬೀರುವಿನಲ್ಲಿದೆ. ಒಗೆದಿಲ್ಲ.